ಪಿಂಚಣಿಯ ಭಿನ್ನರಾಶಿ

ಸರಕಾರಿ ನಿವೃತ್ತಿ ಪಿಂಚಣಿಯ ಲೆಕ್ಕ ಮೂಲತಃ ಒಂದು ಭಿನ್ನರಾಶಿ. ಅಂಶದಲ್ಲಿ ನೌಕರ ದುಡಿದ ವರ್ಷಗಳು, ಛೇದದಲ್ಲಿ ಸರಕಾರ ಗೊತ್ತುಮಾಡಿದ ಒಂದು ಸಂಖ್ಯೆ. ಬಂದ ಪಾಲಿನಿಂದ ಸಂಬಳವನ್ನು ಗುಣಿಸಿದರೆ ತಿಂಗಳ ಪಿಂಚಣಿ ಸಿಗುತ್ತದೆ. ಛೇದ ಅರವತ್ತೋ ಎಂಬತ್ತೋ, ಗುಣಿಸಬೇಕಾದ ಸಂಬಳ ಕೊನೆಯ ತಿಂಗಳದ್ದೋ ಮೂರು ವರ್ಷದ ಸರಾಸರಿಯೋ ಎಂಬ ಎರಡು ಪ್ರಶ್ನೆಗಳಿಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಬಂದಿದೆ. ಒಂದೊಂದು ಉತ್ತರವೂ ಮುದಿತನದ ಖರ್ಚಿನ ಹೊಣೆಯನ್ನು ಸರಕಾರ ಮತ್ತು ನೌಕರರ ನಡುವೆ ಬೇರೆ ಬೇರೆ ರೀತಿಯಲ್ಲಿ ಹಂಚಿದೆ.

ಗುಜರಾತಿನ ಸೂರತ್, ವಡೋದರಾ, ಅಹಮದಾಬಾದ್ ಒಂದೇ ರೈಲು ದಾರಿಯ ಮೇಲಿರುವ ಮೂರು ನಗರಗಳು. ಸೂರತ್ ಮತ್ತು ಅಹಮದಾಬಾದ್ ಬ್ರಿಟಿಷರ ಮುಂಬೈ ಇಲಾಖೆಗೆ ಸೇರಿದ್ದವು. ನಡುವಿನ ವಡೋದರಾ, ಅಂದಿನ ಬರೋಡಾ, ಗಾಯಕವಾಡರ ರಾಜಧಾನಿ. ಹೀಗಾಗಿ ಈ ಮೂರು ಊರುಗಳಲ್ಲಿ ಪಿಂಚಣಿಯ ಎಲ್ಲ ಬಗೆಯ ಲೆಕ್ಕಗಳೂ ನಡೆದುಹೋಗಿವೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳೂ 1956ರ ತನಕ ಅದೇ ಮುಂಬೈ ಆಡಳಿತದಲ್ಲಿದ್ದುದರಿಂದ ಈ ಚರಿತ್ರೆಯ ಮೊದಲ ಭಾಗ ಕನ್ನಡ ನಾಡಿನದೂ ಹೌದು. ಗುಜರಾತಿಗಳು ಸಂಬಳಕ್ಕೆ ಹೇಳುವ 'ಪಗಾರ್' ಉತ್ತರ ಕರ್ನಾಟಕದ 'ಪಗಾರ'ವೇ. ಪಶ್ಚಿಮ ಕರಾವಳಿಗೆ ಪೋರ್ಚುಗೀಸರು ತಂದ ಶಬ್ದ ಅದು.

ವರ್ಷಾಸನದಿಂದ ಪಿಂಚಣಿಗೆ

ಪಿಂಚಣಿ ಎಂಬ ಪದ ಗುಜರಾತಿನ ಸರಕಾರಿ ಕಾಗದಪತ್ರಗಳಲ್ಲಿ ಎದ್ದು ಕಾಣಿಸಿಕೊಂಡದ್ದು ಗುಮಾಸ್ತರ ಹೆಸರಿನೊಂದಿಗಲ್ಲ, ನವಾಬನ ಹೆಸರಿನೊಂದಿಗೆ. ಈಸ್ಟ್ ಇಂಡಿಯಾ ಕಂಪನಿ 1759ರಲ್ಲಿ ಸೂರತ್ ಕೋಟೆಯನ್ನು ವಶಪಡಿಸಿಕೊಂಡಿತು. 1800ರ ಮೇ ತಿಂಗಳಲ್ಲಿ ಮುಂಬೈ ಗವರ್ನರ್ ಜೊನಾಥನ್ ಡಂಕನ್ ಸೂರತ್‌ಗೆ ಬಂದು ನವಾಬನೊಡನೆ ಒಪ್ಪಂದ ಮಾಡಿಕೊಂಡ. ಆಡಳಿತವೆಲ್ಲ ಕಂಪನಿಗೆ ಹೋಯಿತು. ನವಾಬನಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ, ಜೊತೆಗೆ ಖರ್ಚು ಕಳೆದು ಉಳಿದ ಕಂದಾಯದಲ್ಲಿ ಐದನೆಯ ಒಂದು ಪಾಲು ಎಂದು ಗೊತ್ತಾಯಿತು. ಬಿಟ್ಟುಕೊಟ್ಟ ಅಧಿಕಾರಕ್ಕೆ ಪ್ರತಿಯಾಗಿ ನಿಂತ ಮೊತ್ತವೊಂದು, ಆದಾಯದ ಪಾಲೊಂದು: ಅದೂ ಒಂದು ಪಿಂಚಣಿ ಸೂತ್ರವೇ.

ಈ ಸೂತ್ರದಲ್ಲಿ ಬರೆಯದೆ ಬಿಟ್ಟ ಒಂದು ಸಂಗತಿ ಮುಂದೆ ದೊಡ್ಡ ವ್ಯಾಜ್ಯಕ್ಕೆ ಕಾರಣವಾಯಿತು. ನಾಮಮಾತ್ರದ ಕೊನೆಯ ನವಾಬ 1842ರಲ್ಲಿ ಗಂಡು ಸಂತಾನವಿಲ್ಲದೆ ತೀರಿಕೊಂಡ. ಕೊಡುತ್ತಿದ್ದುದು ವ್ಯಕ್ತಿಗೋ, ಮನೆತನಕ್ಕೋ ಎಂಬ ಪ್ರಶ್ನೆ ಎದ್ದಿತು. ಕಂಪನಿ ಭತ್ಯೆಯನ್ನು ನಿಲ್ಲಿಸಿತು. ನವಾಬನ ಅಳಿಯ ಮೀರ್ ಜಾಫರ್ ಅಲಿ ಖಾನ್ ಲಂಡನ್ನಿಗೆ ಹೋಗಿ ಹಕ್ಕು ಕೇಳಿದ. 1856ರಲ್ಲಿ ವಿಷಯ ಮಸೂದೆಯ ರೂಪದಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂತು. ಪಿಂಚಣಿ ಪಡೆಯುತ್ತಿದ್ದವನು ಸತ್ತ ಮೇಲೆ ಕುಟುಂಬದ ಪಾಡೇನು ಎಂಬ ಈ ಪ್ರಶ್ನೆಗೆ ಸಾಮಾನ್ಯ ನೌಕರರ ವಿಷಯದಲ್ಲಿ ಉತ್ತರ ಸಿಗಲು ಇನ್ನೂ ನೂರು ವರ್ಷ ಹಿಡಿಯಿತು.

ನವಾಬನ ಕೆಳಗೆ ಇನ್ನೊಂದು ಲೋಕವಿತ್ತು. ಮರಾಠರ ಆಳ್ವಿಕೆಯಲ್ಲಿ ಶಾಸ್ತ್ರಿಗಳಿಗೆ, ದೇವಸ್ಥಾನಗಳಿಗೆ, ಮಡಿದ ಸಿಪಾಯಿಗಳ ಮನೆಯವರಿಗೆ ಕೊಡುತ್ತಿದ್ದ ವರ್ಷಾಸನ, ಇನಾಮು. ದೇಸಾಯಿ, ಮಜುಮದಾರರಂಥ ವಂಶಪಾರಂಪರ್ಯ ಅಧಿಕಾರಿಗಳ ವತನು. ಊರ ಮೇಲೆ ಬೀಳದಿರಲೆಂದು ಗಿರಾಸಿಯಾ ಎಂಬ ಸ್ಥಳೀಯ ಭೂಒಡೆಯರಿಗೆ ಸಲ್ಲಿಸುತ್ತಿದ್ದ 'ತೋಡಾ ಗಿರಾಸ್' ಎಂಬ ನಗದು. ಧಾರವಾಡ ಸೀಮೆಯ ದೇಸಾಯಿ, ಕುಲಕರ್ಣಿಗಳಿಗೂ ಸೂರತ್ ಸೀಮೆಯ ದೇಸಾಯಿಗಳಿಗೂ 1874ರ ಮುಂಬೈ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಒಂದೇ ಆಗಿತ್ತು. ತೋಡಾ ಗಿರಾಸ್ ಭತ್ಯೆಗಳಿಗೆ 1887ರಲ್ಲಿ ಪ್ರತ್ಯೇಕ ಕಾಯಿದೆ ಬಂತು.

ಈ ಬಗೆಯ ಭತ್ಯೆಗಳನ್ನೂ ನೌಕರರ ಪಿಂಚಣಿಯನ್ನೂ ಒಂದೇ ಛಾವಣಿಗೆ ತಂದದ್ದು 1871ರ ಪಿಂಚಣಿ ಕಾಯಿದೆ. ಪಿಂಚಣಿಗಾಗಿ ಸಿವಿಲ್ ನ್ಯಾಯಾಲಯದಲ್ಲಿ ಸರಕಾರದ ಮೇಲೆ ದಾವೆ ಹೂಡದಂತೆ ಅದರ 4ನೆಯ ಕಲಮು ತಡೆದಿತ್ತು. 11ನೆಯ ಕಲಮಿನ ಪ್ರಕಾರ ಸಾಲಗಾರರು ಪಿಂಚಣಿಯನ್ನು ಜಪ್ತಿ ಮಾಡಿಸುವಂತಿರಲಿಲ್ಲ. 12ನೆಯ ಕಲಮು ಮುಂದೆ ಬರಬೇಕಾದ ಪಿಂಚಣಿಯನ್ನು ಮುಂಗಡವಾಗಿ ಮತ್ತೊಬ್ಬರಿಗೆ ಬರೆದುಕೊಡುವುದನ್ನು ಅಸಿಂಧುವೆಂದು ಸಾರಿತು. ಸಾಹುಕಾರನಿಂದ ಕಾಪಾಡಿದ ಕಾಯಿದೆಯೇ ಸರಕಾರವನ್ನು ಪ್ರಶ್ನಿಸುವ ಬಾಗಿಲನ್ನು ಮುಚ್ಚಿತ್ತು.

ಅರವತ್ತನೆಯ ಪಾಲು

ಬ್ರಿಟಿಷ್ ಆಡಳಿತದ ಮೇಲಿನ ಹಂತದಲ್ಲಿ ಇಂಡಿಯನ್ ಸಿವಿಲ್ ಸರ್ವಿಸಿನವರ ಲೆಕ್ಕ ಸರಳವಾಗಿತ್ತು. 25 ವರ್ಷಗಳ ಸೇವೆ, ಅದರಲ್ಲಿ 21 ವರ್ಷ ನಿಜವಾಗಿ ಕರ್ತವ್ಯದ ಮೇಲಿದ್ದರೆ ವರ್ಷಕ್ಕೆ 1,000 ಪೌಂಡ್. ಕೊನೆಯ ಸಂಬಳ ಎಷ್ಟೇ ಇರಲಿ, ಮೊತ್ತ ಅಷ್ಟೇ. ಇದಕ್ಕಾಗಿ ಮೊದಲನೆಯ ಮಹಾಯುದ್ಧದ ಕೊನೆಯವರೆಗೂ ಅವರ ಸಂಬಳದಿಂದ ಶೇ. 4 ಕಡಿತವಾಗುತ್ತಿತ್ತು. ಈ ಸೇವೆಗೆ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರ್ ಕೆಲಸ ಆರಂಭಿಸಿದ್ದು ಮುಂಬೈ ಇಲಾಖೆಯಲ್ಲಿ. ಅವರು ಅಹಮದಾಬಾದಿನಲ್ಲಿ ನ್ಯಾಯಾಧೀಶರಾಗಿದ್ದರು, ಮುಂದೆ ಕಾರವಾರದಲ್ಲೂ ಇದ್ದರು. 1897ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಮೂವತ್ತು ವರ್ಷಕ್ಕೂ ಮೀರಿದ ಸೇವೆಯಾಗಿತ್ತು. ಅವರ ಕಚೇರಿಯ ಶಿರಸ್ತೇದಾರನ ಲೆಕ್ಕವೇ ಬೇರೆ.

ಆ ಲೆಕ್ಕ ಇದ್ದದ್ದು ಸಿವಿಲ್ ಸರ್ವಿಸ್ ರೆಗ್ಯುಲೇಷನ್ಸ್ ಎಂಬ ದಪ್ಪ ಪುಸ್ತಕದಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಾರಿಯಲ್ಲಿದ್ದ ಪಟ್ಟಿಯ ಪ್ರಕಾರ 10 ವರ್ಷಕ್ಕಿಂತ ಕಡಿಮೆ ದುಡಿದವರಿಗೆ ಪಿಂಚಣಿ ಇಲ್ಲ; ಪೂರೈಸಿದ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳದ ಮಿತಿಯಲ್ಲಿ ಒಂದೇ ಗಂಟಿನ ಉಪದಾನ. 10 ವರ್ಷ ಮುಗಿಸಿದರೆ ಕೊನೆಯ ಮೂರು ವರ್ಷದ ಸರಾಸರಿ ಸಂಬಳದಲ್ಲಿ ಅರವತ್ತರಲ್ಲಿ ಹತ್ತು ಪಾಲು, 11ಕ್ಕೆ ಹನ್ನೊಂದು ಪಾಲು, ಹೀಗೆ 24ರ ತನಕ. 25 ಮುಗಿಸಿದರೆ ಒಮ್ಮೆಲೇ ಅರವತ್ತರಲ್ಲಿ ಮೂವತ್ತು, ಅಂದರೆ ಅರ್ಧ. ಸರಾಸರಿ 120 ರೂಪಾಯಿ ಪಗಾರದ ಗುಮಾಸ್ತ 24 ವರ್ಷಕ್ಕೆ ಬಿಟ್ಟರೆ 48 ರೂಪಾಯಿ, ಇನ್ನೊಂದು ವರ್ಷ ತಡೆದರೆ 60 ರೂಪಾಯಿ. ಆ ಒಂದು ವರ್ಷಕ್ಕಾಗಿ ಕಾಯಿಲೆಯಲ್ಲೂ ಕಚೇರಿಗೆ ಬರುವುದಕ್ಕೆ ಈ ಪಟ್ಟಿಯೇ ಸಾಕಷ್ಟು ಕಾರಣ ಕೊಡುತ್ತಿತ್ತು.

ಮೇಲುಗಡೆಯೂ ಒಂದು ಮಿತಿ ಇತ್ತು. ವರ್ಷಕ್ಕೆ 5,000 ರೂಪಾಯಿ, ಅಂದರೆ ತಿಂಗಳಿಗೆ 416 ರೂಪಾಯಿ 10 ಆಣೆ 8 ಪೈಗಿಂತ ಹೆಚ್ಚು ಸಾಮಾನ್ಯವಾಗಿ ಸಿಗುತ್ತಿರಲಿಲ್ಲ. ಜವಾನ, ಪಟ್ಟೆವಾಲ ಮುಂತಾದ ಕೆಳದರ್ಜೆಯವರಿಗೆ ಪ್ರತ್ಯೇಕವಾದ, ಇನ್ನೂ ಸಣ್ಣ ಪಟ್ಟಿ. ಎಲ್ಲಕ್ಕೂ ಮೇಲೆ ಎರಡು ಷರತ್ತುಗಳಿದ್ದವು: ಸೇವೆ ಒಪ್ಪಿತವಾಗಿದ್ದರೆ ಮಾತ್ರ ಪೂರ್ತಿ ಪಿಂಚಣಿ, ನಿವೃತ್ತನಾದ ಮೇಲೂ ನಡತೆ ಚೆನ್ನಾಗಿರಬೇಕು. ಅಂಕಿಗಳು ಎಷ್ಟೇ ಖಚಿತವಾಗಿದ್ದರೂ ಅವು ಗರಿಷ್ಠ ಮಿತಿಗಳಷ್ಟೇ ಆಗಿದ್ದವು, ಕೊಡುವುದು ಬಿಡುವುದು ಸರಕಾರದ ಮರ್ಜಿ. ಪಿಂಚಣಿದಾರ ಸತ್ತ ದಿನ ಪಿಂಚಣಿಯೂ ನಿಲ್ಲುತ್ತಿತ್ತು. ವಿಧವೆಗೆ ಉಳಿಯುತ್ತಿದ್ದುದು ಭವಿಷ್ಯ ನಿಧಿಯಲ್ಲಿ ಗಂಡ ಕೂಡಿಟ್ಟ ಹಣ, ಇದ್ದರೆ.

ಬರೋಡಾದ ಲೆಕ್ಕ

ಮಲ್ಹಾರರಾವ್ ಗಾಯಕವಾಡರನ್ನು ಬ್ರಿಟಿಷರು 1875ರಲ್ಲಿ ಪದಚ್ಯುತಗೊಳಿಸಿದಾಗ ಬರೋಡಾದಲ್ಲಿ ಸಂಬಳ, ಇನಾಮು, ದಾನಗಳ ನಡುವೆ ಸ್ಪಷ್ಟ ಗೆರೆ ಇರಲಿಲ್ಲ. ಆ ವರ್ಷ ದಿವಾನರಾಗಿ ಬಂದ ಟಿ. ಮಾಧವರಾವ್ ತಿರುವಾಂಕೂರು, ಇಂದೂರುಗಳಲ್ಲಿ ಆಡಳಿತ ನಡೆಸಿ ಪಳಗಿದವರು. ಇಲಾಖೆಗಳನ್ನು ಬ್ರಿಟಿಷ್ ಮಾದರಿಯಲ್ಲಿ ವಿಂಗಡಿಸಿ, ನೌಕರರಿಗೆ ನಿಯತ ಸಂಬಳ ಗೊತ್ತುಮಾಡುವ ಕೆಲಸ ಅವರ ಕಾಲದಲ್ಲಿ ನಡೆಯಿತು. 1881ರಲ್ಲಿ ಪೂರ್ಣಾಧಿಕಾರ ಪಡೆದ ಮೂರನೆಯ ಸಯಾಜಿರಾವ್ ಗಾಯಕವಾಡರ ದೀರ್ಘ ಆಳ್ವಿಕೆಯಲ್ಲಿ ಬರೋಡಾ ತನ್ನದೇ ಸೇವಾ ನಿಯಮ, ತನ್ನದೇ ಪಿಂಚಣಿ ನಿಯಮಗಳಿರುವ ಸಂಸ್ಥಾನವಾಯಿತು. ಪಿಂಚಣಿಯ ಲೆಕ್ಕಕ್ಕೆ ಬೇಕಾದ ಮೊದಲ ವಸ್ತುಗಳು ಎರಡೇ: ನಿಯತ ಸಂಬಳ ಮತ್ತು ಸೇವಾ ದಾಖಲೆ. ಅವೆರಡೂ ಇಲ್ಲದಿದ್ದ ಕಡೆ ವರ್ಷಾಸನವಿರಬಹುದು, ಪಿಂಚಣಿ ಇರಲಾರದು.

ಬರೋಡಾದಲ್ಲಿ ಇನ್ನೊಂದು ತೊಡಕು ನಾಣ್ಯದ್ದು. ಸಂಸ್ಥಾನದಲ್ಲಿ ಚಲಾವಣೆಯಲ್ಲಿದ್ದ ಬಾಬಾಶಾಹಿ ರೂಪಾಯಿಯ ಬೆಲೆ ಬ್ರಿಟಿಷ್ ರೂಪಾಯಿಗಿಂತ ಕಡಿಮೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಾಬಾಶಾಹಿಯನ್ನು ಕೈಬಿಟ್ಟು ಬ್ರಿಟಿಷ್ ರೂಪಾಯಿಯನ್ನು ಒಪ್ಪಿಕೊಳ್ಳಲಾಯಿತು. ಅಲ್ಲಿಯವರೆಗೆ ಯಾವ ಭತ್ಯೆಯ ಮಾತು ಬಂದರೂ ಮೊತ್ತದ ಜೊತೆಗೆ ಅದು ಯಾವ ರೂಪಾಯಿ ಎಂದೂ ಹೇಳಬೇಕಿತ್ತು.

ಬ್ರಿಟಿಷ್ ಸೇವೆಯ ಅಧಿಕಾರಿಗಳನ್ನು ಸಂಸ್ಥಾನಗಳು ಎರವಲು ತರುವುದು ಆಗ ವಾಡಿಕೆ. ಅಂಥವರ ವಿಷಯದಲ್ಲಿ ವಂತಿಗೆಯ ಪ್ರಶ್ನೆ ಬರುತ್ತಿತ್ತು. ಅಧಿಕಾರಿಯ ಪಿಂಚಣಿಯನ್ನು ಕೊನೆಗೆ ಕೊಡುವುದು ಅವನ ಮೂಲ ಸರಕಾರ. ಆದ್ದರಿಂದ ಅವನು ಪರಸೇವೆಯಲ್ಲಿದ್ದ ಅವಧಿಗೆ ತಿಂಗಳು ತಿಂಗಳೂ ಇಂತಿಷ್ಟು ರಜಾ ಮತ್ತು ಪಿಂಚಣಿ ವಂತಿಗೆಯನ್ನು ಆ ಸರಕಾರಕ್ಕೆ ಕಟ್ಟಬೇಕೆಂದು ನಿಯಮವಿತ್ತು. ಇಂದಿಗೂ ನಿಯೋಜನೆಯ ಮೇಲೆ ಬೇರೆ ಸಂಸ್ಥೆಗೆ ಹೋದ ನೌಕರರ ಲೆಕ್ಕದಲ್ಲಿ ಈ ವಂತಿಗೆ ಉಳಿದುಕೊಂಡಿದೆ. ಪಿಂಚಣಿ ಪಡೆದ ಮೇಲೆ ಬಂದವರೂ ಇದ್ದರು. ಅರ್ಥಶಾಸ್ತ್ರಜ್ಞ ರಮೇಶಚಂದ್ರ ದತ್ತ 1897ರಲ್ಲಿ ಸಿವಿಲ್ ಸರ್ವಿಸಿನಿಂದ ನಿವೃತ್ತರಾಗಿ 1904ರಲ್ಲಿ ಬರೋಡಾದ ಕಂದಾಯ ಮಂತ್ರಿಯಾದರು. 1909ರಲ್ಲಿ ದಿವಾನರಾಗಿ, ಅದೇ ವರ್ಷ ಬರೋಡಾದಲ್ಲೇ ತೀರಿಕೊಂಡರು.

ರೈಲು ಮತ್ತು ಗಿರಣಿ: ವಂತಿಗೆಯ ದಾರಿ

ಮೂರೂ ನಗರಗಳನ್ನು ಜೋಡಿಸಿದ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ 1855ರಲ್ಲಿ ಖಾಸಗಿ ಕಂಪನಿಯಾಗಿ ಹುಟ್ಟಿತು. ರೈಲ್ವೆ ನೌಕರರಿಗೆ ಪಿಂಚಣಿ ಇರಲಿಲ್ಲ, ವಂತಿಗೆಯ ಭವಿಷ್ಯ ನಿಧಿ ಇತ್ತು. ನೌಕರನ ಸಂಬಳದಿಂದ ಒಂದು ಪಾಲು, ರೈಲ್ವೆಯಿಂದ ಒಂದು ಪಾಲು. ನಿವೃತ್ತಿಯ ದಿನ ಬಡ್ಡಿ ಸೇರಿಸಿ ಇಡೀ ಮೊತ್ತ ಕೈಗೆ. ಆಮೇಲೆ ಕೊಟ್ಟವರಿಗೂ ಪಡೆದವರಿಗೂ ಸಂಬಂಧವಿಲ್ಲ. ಸರಕಾರ 1905ರಲ್ಲಿ ಈ ರೈಲ್ವೆಯನ್ನು ಕೊಂಡು, 1942ರಲ್ಲಿ ಆಡಳಿತವನ್ನೂ ಕೈಗೆ ತೆಗೆದುಕೊಂಡಿತು. 1951ರ ನವೆಂಬರ್ 5ರಂದು ಅದು ಪಶ್ಚಿಮ ರೈಲ್ವೆಯಲ್ಲಿ ಸೇರಿತು. ಮಾಲೀಕರು ಬದಲಾದರೂ ನಿಧಿಯ ಪದ್ಧತಿ ಮುಂದುವರಿಯಿತು.

1957ರ ನವೆಂಬರ್ 16ರಿಂದ ರೈಲ್ವೆಯಲ್ಲಿ ಪಿಂಚಣಿ ಬಂತು. ಹಳಬರಿಗೆ ಆಯ್ಕೆ ಕೊಡಲಾಯಿತು: ನಿಧಿಯಲ್ಲೇ ಉಳಿಯಬಹುದು ಇಲ್ಲವೇ ಪಿಂಚಣಿಗೆ ಬರಬಹುದು. ಬೆಲೆಗಳು ಇಷ್ಟೊಂದು ಏರುತ್ತವೆಂದು ಯಾರೂ ಎಣಿಸದ ಕಾಲದಲ್ಲಿ ಕೈಗೆ ಸಿಗುವ ಗಂಟೇ ಹಲವರಿಗೆ ದೊಡ್ಡದಾಗಿ ಕಂಡಿತು. ಅಂಥವರು ಮುಂದೆ ಪಿಂಚಣಿಗೆ ಬರಲು ಮತ್ತೊಂದು ಅವಕಾಶ ಕೇಳಿ ಸುಪ್ರೀಂ ಕೋರ್ಟಿಗೆ ಹೋದರು. ಕೃಷ್ಣಕುಮಾರ್ ಪ್ರಕರಣದಲ್ಲಿ 1990ರಲ್ಲಿ ಸಂವಿಧಾನ ಪೀಠ ಅವರ ಕೋರಿಕೆಯನ್ನು ತಳ್ಳಿಹಾಕಿತು. ನಿಧಿ ಪಡೆದವರೂ ಪಿಂಚಣಿ ಪಡೆಯುವವರೂ ಬೇರೆ ಬೇರೆ ವರ್ಗ ಎಂಬುದು ನ್ಯಾಯಾಲಯದ ನಿಲುವು.

ಗಿರಣಿಗಳಲ್ಲಿ ಅಷ್ಟೂ ಇರಲಿಲ್ಲ. ಅಹಮದಾಬಾದಿನ ಮೊದಲ ಬಟ್ಟೆ ಗಿರಣಿಯನ್ನು 1861ರಲ್ಲಿ ಆರಂಭಿಸಿದ ರಣಛೋಡಲಾಲ್ ಛೋಟಾಲಾಲ್ ಹಿಂದೆ ಸರಕಾರಿ ನೌಕರರೇ ಆಗಿದ್ದವರು. ಆದರೆ ಗಿರಣಿ ಕಾರ್ಮಿಕರಿಗೆ ಮುದಿತನದ ಆಸರೆ ಕಾನೂನಿನಿಂದ ಸಿಕ್ಕಿದ್ದು 1952ರ ನೌಕರರ ಭವಿಷ್ಯ ನಿಧಿ ಕಾಯಿದೆಯಿಂದ. ಅದು ಮೊದಲು ಅನ್ವಯವಾದ ಆರು ಕೈಗಾರಿಕೆಗಳಲ್ಲಿ ಬಟ್ಟೆಯೂ ಒಂದು. ವಂತಿಗೆ ಆಗ ಶೇ. 6.25 ಇತ್ತು. 1971ರಲ್ಲಿ ಕುಟುಂಬ ಪಿಂಚಣಿ, 1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆ ಇದಕ್ಕೆ ಸೇರಿದವು. ಈ ಯೋಜನೆಯಲ್ಲಿ ಛೇದ 70: ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಮಾಲೀಕರ ವಂತಿಗೆಯಲ್ಲಿ ಸಂಬಳದ ಶೇ. 8.33ರಷ್ಟು ಪಿಂಚಣಿ ನಿಧಿಗೆ ಹೋಗುತ್ತದೆ. 2014ರ ಸೆಪ್ಟೆಂಬರಿನಿಂದ ಸಂಬಳದ ಮಿತಿ 15,000 ರೂಪಾಯಿ. ಈ ಮಿತಿಯಲ್ಲಿ 35 ವರ್ಷ ದುಡಿದವರಿಗೂ ಸೂತ್ರದಿಂದ ಬರುವುದು 7,500 ರೂಪಾಯಿ. ಕನಿಷ್ಠ ಪಿಂಚಣಿ 1,000 ರೂಪಾಯಿ. ಇಪ್ಪತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಘಟಕಗಳಿಗೆ ಸಾಮಾನ್ಯವಾಗಿ ಈ ಕಾಯಿದೆಯ ಕಡ್ಡಾಯವಿಲ್ಲ. ಸೂರತ್‌ನ ಸಣ್ಣ ಮಗ್ಗದ ಕೊಟ್ಟಿಗೆಗಳೂ ವಜ್ರ ಸಾಣೆ ಹಿಡಿಯುವ ಪುಟ್ಟ ಕಾರ್ಖಾನೆಗಳೂ ಲೆಕ್ಕದ ಹೊರಗೆ ಉಳಿಯುವುದು ಹೀಗೆ.

ಎಂಬತ್ತರ ಛೇದ

ಸ್ವಾತಂತ್ರ್ಯದ ನಂತರದ ಮೊದಲ ದೊಡ್ಡ ಬದಲಾವಣೆ 1950ರದು. ಕೇಂದ್ರದ ಉದಾರೀಕೃತ ಪಿಂಚಣಿ ನಿಯಮಗಳೂ ಮುಂಬೈ ರಾಜ್ಯದ ಪರಿಷ್ಕೃತ ಪಿಂಚಣಿ ನಿಯಮಗಳೂ ಅದೇ ವರ್ಷ ಬಂದವು. ಕೇಂದ್ರದ ಹೊಸ ಸೂತ್ರದಲ್ಲಿ ಛೇದ 80 ಆಯಿತು. 30 ವರ್ಷಕ್ಕೆ ಎಂಬತ್ತರಲ್ಲಿ ಮೂವತ್ತು ಪಾಲು. ಸರಾಸರಿ 120 ರೂಪಾಯಿ ಸಂಬಳಕ್ಕೆ ಹಿಂದೆ 60 ರೂಪಾಯಿ ಬರುತ್ತಿದ್ದಲ್ಲಿ ಈಗ 45. ಇದನ್ನು ಉದಾರ ಎಂದು ಕರೆದುದಕ್ಕೆ ಕಾರಣ, ಕಳೆದುಕೊಂಡ 15 ರೂಪಾಯಿಗೆ ಬದಲಾಗಿ ಗರಿಷ್ಠ 15 ತಿಂಗಳ ಸಂಬಳದಷ್ಟು ಮರಣ-ನಿವೃತ್ತಿ ಉಪದಾನ ಸಿಗುತ್ತಿತ್ತು. ಇದೇ ಉದಾಹರಣೆಯಲ್ಲಿ ಅದು 1,800 ರೂಪಾಯಿ, ಅಂದರೆ ಹತ್ತು ವರ್ಷಗಳ ಕೊರತೆಯ ಹಣ ಮುಂಗಡವಾಗಿ ಕೈಸೇರಿದಂತೆ. ನೌಕರ ಬೇಗ ತೀರಿಕೊಂಡರೆ ಕುಟುಂಬಕ್ಕೆ ಸೀಮಿತ ಅವಧಿಯ ಪಿಂಚಣಿಯನ್ನೂ ಈ ನಿಯಮಗಳೇ ಮೊದಲು ತಂದವು. ವಿಧವೆ ಬದುಕಿರುವ ತನಕ ಕೊಡುವ ಕುಟುಂಬ ಪಿಂಚಣಿ ಕೇಂದ್ರ ನೌಕರರಿಗೆ ಸಿಕ್ಕಿದ್ದು 1964ರಲ್ಲಿ. ಅದಕ್ಕೂ ಮೊದಮೊದಲು ಉಪದಾನದಿಂದ ಎರಡು ತಿಂಗಳ ಸಂಬಳ ವಂತಿಗೆಯಾಗಿ ಕಡಿತವಾಗುತ್ತಿತ್ತು. 1977ರಲ್ಲಿ ಆ ಕಡಿತ ನಿಂತಿತು.

ಇದೇ ಕಾಲಕ್ಕೆ ಗಡಿಗಳೂ ಬದಲಾದವು. 1949ರ ಮೇ 1ರಂದು ಬರೋಡಾ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನಗಳ ವಿಲೀನ ಒಪ್ಪಂದಗಳಲ್ಲಿ ಕಾಯಂ ನೌಕರರಿಗೆ ಹಿಂದಿಗಿಂತ ಕಡಿಮೆಯಲ್ಲದ ಷರತ್ತಿನ ಮೇಲೆ ಸೇವೆ, ಇಲ್ಲವೇ ಪರಿಹಾರ ಅಥವಾ ಸೇವೆಗೆ ತಕ್ಕ ಪಿಂಚಣಿ ಕೊಡುವ ಭರವಸೆ ಇರುತ್ತಿತ್ತು. ಆಗಾಗಲೇ ಮಂಜೂರಾಗಿದ್ದ ಪಿಂಚಣಿಗಳನ್ನು ಮುಂದುವರಿಸುವ ಮಾತೂ ಇತ್ತು. ರಾಜ್ಯ ಹೋದರೂ ರಾಜ್ಯದ ಸೇವೆ ಲೆಕ್ಕದಿಂದ ಹೋಗಲಿಲ್ಲ. 1956ರ ನವೆಂಬರ್ 1ರಂದು ಮುಂಬೈ ರಾಜ್ಯದ ಕನ್ನಡ ಜಿಲ್ಲೆಗಳು ಮೈಸೂರಿಗೆ ಬಂದವು. 1958ರ ಸೇವಾ ನಿಯಮಾವಳಿ, ಇಂದು ಕರ್ನಾಟಕದ ಕಚೇರಿಗಳಲ್ಲಿ ಕೆಸಿಎಸ್‌ಆರ್ ಎಂದೇ ಕರೆಯುವುದು, ಹಳೆಯ ಮುಂಬೈ ನಿಯಮಗಳ ಜಾಗಕ್ಕೆ ಬಂತು. 1960ರ ಮೇ 1ರಂದು ಗುಜರಾತ್ ಪ್ರತ್ಯೇಕ ರಾಜ್ಯವಾದಾಗ ಹಳೆಯ ಮುಂಬೈ ಸರಕಾರದ ಪಿಂಚಣಿ ಹೊರೆಯನ್ನು ಮಹಾರಾಷ್ಟ್ರದೊಡನೆ ಹಂಚಿಕೊಳ್ಳಬೇಕಾಯಿತು. ಎರಡೂ ಕಡೆ ದುಡಿದ ಒಬ್ಬನೇ ನೌಕರನ ಪಿಂಚಣಿ ಎರಡು ಖಜಾನೆಗಳ ಲೆಕ್ಕವಾಯಿತು.

ಈ ಮೂರು ಹಂತಗಳನ್ನೂ ಹತ್ತಿರದಿಂದ ಕಂಡವರು ಡಾ. ಜೀವರಾಜ ಮೆಹತಾ. 1948ರಲ್ಲಿ ಬರೋಡಾದ ದಿವಾನ, ಅನಂತರ ಮುಂಬೈ ರಾಜ್ಯದ ಹಣಕಾಸು ಮಂತ್ರಿ, 1960ರಲ್ಲಿ ಗುಜರಾತಿನ ಮೊದಲ ಮುಖ್ಯಮಂತ್ರಿ. ಗುಜರಾತ್ ಸರಕಾರದ ಪಿಂಚಣಿ ಮತ್ತು ಭವಿಷ್ಯ ನಿಧಿ ನಿರ್ದೇಶನಾಲಯ ಇರುವ ಗಾಂಧಿನಗರದ ಕಟ್ಟಡ ಸಮುಚ್ಚಯಕ್ಕೆ ಅವರದೇ ಹೆಸರು. ಹೊಸ ರಾಜ್ಯ 1959ರ ಮುಂಬೈ ಸಿವಿಲ್ ಸೇವಾ ನಿಯಮಗಳನ್ನೇ ನಾಲ್ಕು ದಶಕ ಬಳಸಿತು. ಗುಜರಾತ್ ಸಿವಿಲ್ ಸೇವಾ (ಪಿಂಚಣಿ) ನಿಯಮಗಳು ಬಂದದ್ದು 2002ರಲ್ಲಿ.

ಮರ್ಜಿಯಿಂದ ಹಕ್ಕಿಗೆ

ಕೇಂದ್ರದಲ್ಲಿ ಮೂರನೆಯ ವೇತನ ಆಯೋಗದ ನಂತರ ಲೆಕ್ಕಕ್ಕೆ ಸಿಗುವ ಸೇವೆ 33 ವರ್ಷಕ್ಕೆ ಏರಿತು. ಮೂರು ವರ್ಷದ ಸರಾಸರಿ ಹೋಗಿ ಕೊನೆಯ ಹತ್ತು ತಿಂಗಳ ಸರಾಸರಿ ಬಂತು. ಕೊನೆಯ ವರ್ಷಗಳಲ್ಲಿ ಬಡ್ತಿ ಪಡೆದವರಿಗೆ ಇದು ದೊಡ್ಡ ಲಾಭ. 1979ರಲ್ಲಿ ಛೇದವನ್ನೇ ಕೈಬಿಟ್ಟು ಹಂತದ ಸೂತ್ರ ತಂದರು: ಪೂರ್ಣ ಸೇವೆಯವರಿಗೆ ಸರಾಸರಿ ಸಂಬಳದ ಮೊದಲ 1,000 ರೂಪಾಯಿಗೆ ಶೇ. 50, ಮುಂದಿನ 500ಕ್ಕೆ ಶೇ. 45, ಉಳಿದದ್ದಕ್ಕೆ ಶೇ. 40. ಸರಾಸರಿ 2,000 ಇದ್ದವರಿಗೆ ಹಳೆಯ ಲೆಕ್ಕದಲ್ಲಿ 825 ರೂಪಾಯಿ, ಹೊಸದರಲ್ಲಿ 925. ಆದರೆ ಇದು 1979ರ ಮಾರ್ಚ್ 31ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ. ಫೆಬ್ರವರಿ ಕೊನೆಗೆ ಕಚೇರಿ ಬಿಟ್ಟವನಿಗೆ ಜೀವನಪೂರ್ತಿ ತಿಂಗಳಿಗೆ ನೂರು ರೂಪಾಯಿ ಕಡಿಮೆ.

ರಕ್ಷಣಾ ಇಲಾಖೆಯಿಂದ 1972ರಲ್ಲಿ ನಿವೃತ್ತರಾಗಿದ್ದ ಡಿ. ಎಸ್. ನಕಾರಾ ಇದನ್ನು ಪ್ರಶ್ನಿಸಿದರು. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅವರ ಪರವಾಗಿ ತೀರ್ಪಿತ್ತಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಡಿ. ಎ. ದೇಸಾಯಿ ಅದಕ್ಕೆ ಮುನ್ನ ಅಹಮದಾಬಾದಿನಲ್ಲಿ ಗುಜರಾತ್ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಪಿಂಚಣಿ ಸರಕಾರದ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಬರಬೇಕಾದದ್ದು ಎಂಬುದನ್ನು 1971ರ ದೇವಕಿನಂದನ ಪ್ರಸಾದ್ ಪ್ರಕರಣ ಆಗಲೇ ಸ್ಥಾಪಿಸಿತ್ತು. ನಿವೃತ್ತಿಯ ತಾರೀಖನ್ನು ಹಿಡಿದು ಪಿಂಚಣಿದಾರರನ್ನು ಇಬ್ಭಾಗ ಮಾಡಬಾರದು ಎಂದು ನಕಾರಾ ತೀರ್ಪು ಅದನ್ನು ಮುಂದಕ್ಕೊಯ್ದಿತು. ದೇಶದ ಉದ್ದಗಲಕ್ಕೂ ಪಿಂಚಣಿದಾರರ ಸಂಘಗಳು ಡಿಸೆಂಬರ್ 17ನ್ನು ಪಿಂಚಣಿದಾರರ ದಿನವಾಗಿ ಆಚರಿಸುವುದು ಈ ತೀರ್ಪಿನ ನೆನಪಿಗೆ.

ಈಗಿನ ಹಳೆಯ ಲೆಕ್ಕ

ಹಳೆಯ ಪಿಂಚಣಿ ಎಂದು ಇಂದು ಕರೆಯುವ ಲೆಕ್ಕ ರೂಪುಗೊಂಡದ್ದು 1986ರ ನಂತರ. ಹಂತಗಳು ಹೋಗಿ ನೇರವಾಗಿ ಶೇ. 50 ಬಂತು. 33 ವರ್ಷವನ್ನು ಅರ್ಧ ವರ್ಷಗಳಲ್ಲಿ ಎಣಿಸಿ 66 ಘಟಕಗಳೆಂದು ಹಿಡಿದು, ಕಡಿಮೆ ಸೇವೆಯವರಿಗೆ ಆ ಪ್ರಮಾಣದಲ್ಲಿ ಇಳಿಸುತ್ತಿದ್ದರು. ಆರನೆಯ ವೇತನ ಆಯೋಗದ ನಂತರ ಕೇಂದ್ರದಲ್ಲಿ 20 ವರ್ಷಕ್ಕೇ ಪೂರ್ತಿ ಪಿಂಚಣಿ ಆಯಿತು. ಕೊನೆಯ ಸಂಬಳ ಅಥವಾ ಹತ್ತು ತಿಂಗಳ ಸರಾಸರಿ, ಯಾವುದು ಹೆಚ್ಚೋ ಅದರ ಅರ್ಧ. 80 ವರ್ಷ ತುಂಬಿದವರಿಗೆ ಶೇ. 20 ಹೆಚ್ಚುವರಿ, 100 ತುಂಬಿದವರಿಗೆ ಇಮ್ಮಡಿ ಎಂಬ ಏರುಪಟ್ಟಿಯೂ ಸೇರಿತು. ಗುಜರಾತ್ ತನ್ನ ಆದೇಶಗಳ ಮೂಲಕ ಕೇಂದ್ರದ ಆಯೋಗಗಳನ್ನು ಅನುಸರಿಸುತ್ತ ಬಂದಿದೆ. ಆದರೆ ನಿವೃತ್ತಿಯ ವಯಸ್ಸು ಕೇಂದ್ರದಲ್ಲಿ 60 ಆದರೂ ಗುಜರಾತಿನಲ್ಲಿ ಸಾಮಾನ್ಯ ನೌಕರರಿಗೆ 58ರಲ್ಲೇ ಉಳಿದಿದೆ.

ಅಹಮದಾಬಾದಿನ ಕೇಂದ್ರ ಕಚೇರಿಯೊಂದರಲ್ಲಿ 60ಕ್ಕೆ ನಿವೃತ್ತನಾಗುವ ನೌಕರನ ಕೊನೆಯ ಮೂಲವೇತನ 50,000 ರೂಪಾಯಿ ಎಂದಿಟ್ಟುಕೊಂಡರೆ ಪಿಂಚಣಿ 25,000. ಇದರಲ್ಲಿ ಶೇ. 40ರಷ್ಟನ್ನು, ಅಂದರೆ 10,000ವನ್ನು, ಕಮ್ಯುಟೇಷನ್ ಮಾಡಿಸಿ ಗಂಟಾಗಿ ಪಡೆಯಬಹುದು. ಆ ವಯಸ್ಸಿನ ಗುಣಕ 8.194; ಹನ್ನೆರಡು ತಿಂಗಳಿಗೆ ಗುಣಿಸಿದರೆ 9,83,280 ರೂಪಾಯಿ. ಆಮೇಲೆ ತಿಂಗಳಿಗೆ ಉಳಿಯುವುದು 15,000 ಮತ್ತು ಪೂರ್ತಿ 25,000ದ ಮೇಲಿನ ತುಟ್ಟಿಭತ್ಯೆ. ಮಾರಿದ ಪಾಲು 15 ವರ್ಷಗಳ ನಂತರ ಮರಳುತ್ತದೆ. ಹಾಗೆ ಮರಳಬೇಕೆಂಬುದು 1986ರ ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ತತ್ವ. ಇದಲ್ಲದೆ ಪ್ರತಿ ಅರ್ಧ ವರ್ಷದ ಸೇವೆಗೆ ಕಾಲು ತಿಂಗಳ ಸಂಬಳದಂತೆ ಗರಿಷ್ಠ ಹದಿನಾರೂವರೆ ತಿಂಗಳ ಉಪದಾನ. ಈ ಇಡೀ ಲೆಕ್ಕದಲ್ಲಿ ಪಿಂಚಣಿಗಾಗಿ ನೌಕರನ ವಂತಿಗೆ ಒಂದು ಪೈಸೆಯೂ ಇಲ್ಲ. ಭವಿಷ್ಯ ನಿಧಿಗೆ ಕಟ್ಟುವುದು ಅವನದೇ ಉಳಿತಾಯ.

ಹೀಗೆ ಜೀವಮಾನಪೂರ್ತಿ ಕೊಡುವ ಪಿಂಚಣಿಗೆ ಬೇಕಾದ ಪುರಾವೆ, ಪಡೆಯುವವರು ಬದುಕಿದ್ದಾರೆ ಎಂಬುದು. ಗುಜರಾತ್ ರಾಜ್ಯದ ಪಿಂಚಣಿದಾರರು ಪ್ರತಿ ವರ್ಷ ಮೇ ತಿಂಗಳಿನಿಂದ ಜುಲೈವರೆಗೆ 'ಹಯಾತಿನೀ ಖರಾಯೀ' ಮಾಡಿಸುತ್ತಾರೆ. ಹಳೆಯ ಕನ್ನಡ ದಸ್ತಾವೇಜುಗಳ 'ಹಯಾತಿ ಇರುವತನಕ' ಎಂಬ ಮಾತಿನ ಹಯಾತಿಯೇ ಅದು. ಬೆರಳಗುರುತಿನ ಮೂಲಕ ಕಂಪ್ಯೂಟರಿನಲ್ಲೇ ಕೊಡುವ ಜೀವನ್ ಪ್ರಮಾಣ್ 2014ರ ನವೆಂಬರಿನಲ್ಲಿ ಬಂತು.

2005ರ ಏಪ್ರಿಲ್ 1

ಕೇಂದ್ರ ಸರಕಾರ 2004ರ ಜನವರಿ 1ರಿಂದ, ಸೇನಾಪಡೆಗಳನ್ನು ಬಿಟ್ಟು, ಹೊಸದಾಗಿ ಸೇರುವವರಿಗೆ ವಂತಿಗೆಯ ಪಿಂಚಣಿಯನ್ನು ಜಾರಿಗೆ ತಂದಿತು. ಗುಜರಾತ್ 2005ರ ಏಪ್ರಿಲ್ 1ರಿಂದ, ಕರ್ನಾಟಕ 2006ರ ಏಪ್ರಿಲ್ 1ರಿಂದ ಅದೇ ದಾರಿ ಹಿಡಿದವು. ನೌಕರನ ಮೂಲವೇತನ ಮತ್ತು ತುಟ್ಟಿಭತ್ಯೆಯಲ್ಲಿ ಶೇ. 10, ಆರಂಭದಲ್ಲಿ ಅಷ್ಟೇ ಸರಕಾರದಿಂದ; ಎರಡನ್ನೂ ಮಾರುಕಟ್ಟೆಯಲ್ಲಿ ಹೂಡಲಾಗುತ್ತದೆ. ಕೇಂದ್ರ ತನ್ನ ಪಾಲನ್ನು 2019ರಲ್ಲಿ ಶೇ. 14ಕ್ಕೆ ಏರಿಸಿತು. ನಿವೃತ್ತಿಯಾದಾಗ ಕೂಡಿದ ಮೊತ್ತದಲ್ಲಿ ಕನಿಷ್ಠ ಶೇ. 40ರಿಂದ ವಿಮಾ ಕಂಪನಿಯ ವರ್ಷಾಸನವನ್ನು ಕೊಳ್ಳಬೇಕು, ಉಳಿದದ್ದು ಕೈಗೆ. ನಿಧಿ 50 ಲಕ್ಷ ಕೂಡಿದ್ದು, ಆ ದಿನದ ದರ ಶೇ. 6 ಇದೆಯೆಂದು ಭಾವಿಸಿದರೆ 20 ಲಕ್ಷದಿಂದ ಬರುವುದು ತಿಂಗಳಿಗೆ 10,000 ರೂಪಾಯಿ. ಕೊನೆಯ ಸಂಬಳ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ, ಸೇವಾ ವರ್ಷಗಳೂ ನೇರವಾಗಿ ಬರುವುದಿಲ್ಲ. ಭಿನ್ನರಾಶಿಯೇ ಮಾಯವಾಗಿದೆ. ಷೇರುಪೇಟೆ ಬಿದ್ದರೆ, ಬಡ್ಡಿ ಇಳಿದರೆ ಆ ನಷ್ಟ ನೌಕರನದು.

ಗುಜರಾತಿನಲ್ಲಿ 2005ರ ಏಪ್ರಿಲ್ 1 ಎಂಬ ಗೆರೆಯ ಮೇಲೆ ಇನ್ನೊಂದು ತೊಡಕು ಸೇರಿತ್ತು. ಆ ಕಾಲದಲ್ಲಿ ಹಲವರನ್ನು ಮೊದಲು ನಿಗದಿತ ವೇತನದ ಮೇಲೆ ತೆಗೆದುಕೊಂಡು, ಕೆಲವು ವರ್ಷಗಳ ನಂತರ ಕಾಯಂ ವೇತನ ಶ್ರೇಣಿ ಕೊಡುತ್ತಿದ್ದರು. 2005ರ ಏಪ್ರಿಲ್‌ಗೆ ಮುನ್ನ ಸೇರಿ ಆಮೇಲೆ ಕಾಯಂ ಆದವರು ಯಾವ ಕಡೆಗೆ ಸೇರಬೇಕು ಎಂಬ ವಾದ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಹಳೆಯ ಪಿಂಚಣಿಗಾಗಿ ನೌಕರರು ಬೀದಿಗಿಳಿದರು. ಆ ತಾರೀಖಿಗೆ ಮುನ್ನ ಸೇರಿದ್ದವರಿಗೆ ಹಳೆಯ ಪಿಂಚಣಿ ಕೊಡುವ ನಿರ್ಧಾರವನ್ನು ರಾಜ್ಯ ಸರಕಾರ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು.

ಕೇಂದ್ರದಲ್ಲಿ ಭಿನ್ನರಾಶಿ ಒಂದು ರೀತಿಯಲ್ಲಿ ಮರಳಿ ಬಂದಿದೆ. 2025ರ ಏಪ್ರಿಲ್ 1ರಿಂದ ಜಾರಿಯಾದ ಏಕೀಕೃತ ಪಿಂಚಣಿ ಯೋಜನೆಯನ್ನು ಆರಿಸಿಕೊಂಡು 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತರಿ; 10 ವರ್ಷ ದುಡಿದವರಿಗೆ ಕನಿಷ್ಠ 10,000 ರೂಪಾಯಿ. ಇಪ್ಪತ್ತೈದು ವರ್ಷಕ್ಕೆ ಅರ್ಧ ಎಂಬುದು ಬ್ರಿಟಿಷರ ಪಟ್ಟಿಯ ಕೊನೆಯ ಸಾಲೇ. ವ್ಯತ್ಯಾಸವೆಂದರೆ, ಅಂದಿನ ಗುಮಾಸ್ತ ಅದಕ್ಕೆ ಏನನ್ನೂ ಕಟ್ಟುತ್ತಿರಲಿಲ್ಲ, ಇಂದಿನವರು ಸಂಬಳದ ಹತ್ತನೆಯ ಒಂದು ಪಾಲು ಕಟ್ಟುತ್ತಾರೆ.

2005ರ ಮಾರ್ಚಿನಲ್ಲಿ ಹದಿನೆಂಟು ತುಂಬಿ ಗುಜರಾತ್ ಸರಕಾರದ ಕೆಲಸಕ್ಕೆ ಸೇರಿದವರು 58ನೆಯ ವಯಸ್ಸಿಗೆ ನಿವೃತ್ತರಾಗುವುದು 2045ರ ಸುಮಾರಿಗೆ. ಅಲ್ಲಿಯವರೆಗೆ ಸೂರತ್, ವಡೋದರಾ, ಅಹಮದಾಬಾದಿನ ಒಂದೇ ಕಚೇರಿಯಲ್ಲಿ ಒಂದೇ ಹುದ್ದೆ ಬಿಟ್ಟು ಏಳುವ ಇಬ್ಬರ ಪಿಂಚಣಿಯನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಬೇಕಾಗುತ್ತದೆ. ಹಳೆಯ ಲೆಕ್ಕದ ಕುಟುಂಬ ಪಿಂಚಣಿಗಳನ್ನು ಖಜಾನೆ ಅದರ ನಂತರವೂ ಕೆಲವು ದಶಕ ಕೊಡುತ್ತಿರುತ್ತದೆ.